ಬಾಯಿಯೊಳಗಿನ ಬಣ್ಣ ಬದಲಾವಣೆ: ಕಾರಣಗಳು ಮತ್ತು ರೋಗನಿರ್ಣಯ



ಆರೋಗ್ಯವಂತ ವ್ಯಕ್ತಿಯ ಬಾಯಿಯ ಒಳಪೊರೆಯು ಸಾಮಾನ್ಯವಾಗಿ ತಿಳಿಗೆಂಪು ಬಣ್ಣದ್ದಾಗಿರುತ್ತದೆ. ಪೊರೆಯ ದಪ್ಪ, ಅದರ ಅಡಿಯಲ್ಲಿ ಹರಿಯುವ ರಕ್ತ ಹಾಗೂ ಮೆಲನಿನ್ ಎಂಬ ವರ್ಣದ್ರವ್ಯ, ಇವುಗಳಿಂದ ಈ ಬಣ್ಣವು ನಿರ್ಧಾರವಾಗುತ್ತದೆ. ಇವುಗಳಲ್ಲಿ ಯಾವುದೊಂದು ವ್ಯತ್ಯಾಸಗೊಂಡರೂ ಬಿಳಿ, ಕೆಂಪು ಅಥವಾ ಕಪ್ಪು ಮಚ್ಚೆಗಳು ತೋರಬಹುದು. ಅವುಗಳಲ್ಲಿ ಹೆಚ್ಚಿನವು ಅಪಾಯರಹಿತವಾದವು. ಆದರೆ ಕೆಲವು ಮುಂದೆ ಕ್ಯಾನ್ಸರ್ ಆಗಿ ಪರಿಣಮಿಸಬಲ್ಲವು. ಬಣ್ಣವನ್ನು ನೋಡಿದ ಮಾತ್ರಕ್ಕೆ ಇವೆರಡನ್ನೂ ಬೇರ್ಪಡಿಸಲಾಗದು. ನೋವಿಲ್ಲವೆಂದು ಉಪೇಕ್ಷಿಸುವುದಂತೂ ಸಲ್ಲದು.

ಭಾರತೀಯರಲ್ಲಿ ಅನೇಕರ ಒಸಡುಗಳು ಹುಟ್ಟಿನಿಂದಲೇ ಕಂದು ಅಥವಾ ಕಪ್ಪು ಛಾಯೆಯವಾಗಿರುತ್ತವೆ. ಇದು ಚರ್ಮದ ಬಣ್ಣದಂತೆಯೇ ಸಹಜವಾದುದು, ರೋಗವಲ್ಲ. ಧೂಮಪಾನಿಗಳ ಒಸಡು ಕಪ್ಪಾಗುವುದುಂಟು. ಕೆಲವು ಔಷಧಿಗಳಿಂದಲೂ, ಹಲ್ಲಿನ ಕುಳಿಗೆ ತುಂಬಿದ ಲೋಹಮಿಶ್ರಣದ ಕಣಗಳಿಂದಲೂ ಕಪ್ಪು ಕಲೆ ಉಂಟಾಗಬಹುದು. ಆದರೆ ವಯಸ್ಕರಲ್ಲಿ ಹೊಸದಾಗಿ ಕಪ್ಪು ಮಚ್ಚೆಗಳು ಮೂಡಿ, ಜೊತೆಗೆ ಆಯಾಸ, ತೂಕ ಇಳಿತಗಳೂ ಕಂಡುಬಂದರೆ, ಮೂತ್ರಪಿಂಡದ ಮೇಲಿರುವ ಗ್ರಂಥಿಗಳು ಕುಂದುವ ಅಡಿಸನ್ ರೋಗವನ್ನು ಶಂಕಿಸಬೇಕಾಗುತ್ತದೆ. ಒಂದೇ ಕಡೆ ಬೆಳೆಯುತ್ತಿರುವ ಕಪ್ಪು ಮಚ್ಚೆಯನ್ನು ತಡಮಾಡದೆ ಪರೀಕ್ಷಿಸಬೇಕು. ಇನ್ನು ಬಾಯಿಯೆಲ್ಲ ಬಿಳಿಚಿಕೊಂಡಿದ್ದರೆ ಅದು ರಕ್ತಹೀನತೆಯ ಸೂಚನೆಯಿರಬಹುದು.

ಬಿಳಿ ಬಣ್ಣಕ್ಕೆ ಕಾರಣಗಳು ಹಲವು. ಮಧುಮೇಹಿಗಳಲ್ಲಿ, ಕೃತಕ ದಂತಪಂಕ್ತಿ ಧರಿಸುವವರಲ್ಲಿ ಹಾಗೂ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರವು ಬೆಳೆದು, ಮೊಸರಿನಂತಹ ಪದರವನ್ನು ಉಂಟುಮಾಡುತ್ತದೆ. ಇದನ್ನು ಒರೆಸಿದರೆ ಪದರವು ಕಳಚಿ ಅಡಿಯಲ್ಲಿ ಕೆಂಪು ಕಾಣುತ್ತದೆ. ಒರೆಸಿದರೂ ಹೋಗದ, ಬೇರಾವ ರೋಗಕ್ಕೂ ಸೇರದ ಬಿಳಿ ಮಚ್ಚೆಗೆ ಲ್ಯೂಕೋಪ್ಲಾಕಿಯಾ ಎಂದು ಹೆಸರು. ತಂಬಾಕು ಬಳಸುವವರಲ್ಲಿ ಇದು ಹೆಚ್ಚು. ಇಂತಹವುಗಳಲ್ಲಿ ಕೆಲವು ಕ್ಯಾನ್ಸರಿಗೆ ತಿರುಗುತ್ತವೆ. ಮಖಮಲ್ಲಿನಂತೆ ತೋರುವ ಕೆಂಪು ಮಚ್ಚೆಯು ಅಪರೂಪವಾದರೂ ಬಿಳಿಯದಕ್ಕಿಂತ ಹೆಚ್ಚು ಅಪಾಯಕಾರಿ. ಆಂಧ್ರಪ್ರದೇಶದ ಕರಾವಳಿಯಲ್ಲಿ ಚುಟ್ಟದ ಉರಿಯುವ ತುದಿಯನ್ನು ಬಾಯಿಯೊಳಗಿಟ್ಟು ಸೇದುವವರ ಅಂಗುಳದಲ್ಲಿ ಬಿಳಿ ಹಾಗೂ ಕೆಂಪು ಮಚ್ಚೆಗಳೆರಡೂ ಕಂಡುಬಂದಿವೆ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದುದು ಅಡಿಕೆಯ ವಿಷಯ. ತಾಂಬೂಲವು ಶುಭಕಾರ್ಯಗಳ ಅಂಗವಾಗಿರುವುದರಿಂದ, ತಂಬಾಕಿಲ್ಲದ ಅಡಿಕೆಯು ನಿರಪಾಯಕರವೆಂಬ ಭಾವನೆ ಬೇರೂರಿದೆ. ಆದರೆ ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಿಳಿಸಿದೆ. ಅಡಿಕೆಯಲ್ಲಿರುವ ಅರೆಕೊಲಿನ್ ಮುಂತಾದ ಅಂಶಗಳಿಂದ ಒಳಪೊರೆಯ ಅಡಿಯಲ್ಲಿ ನಾರಿನಂಶ ಹೆಚ್ಚುತ್ತದೆ. ಮೊದಲು ಖಾರ ತಿಂದಾಗ ಉರಿ. ಬಳಿಕ ಕೆನ್ನೆಯ ಒಳಭಾಗವು ಅಮೃತಶಿಲೆಯಂತೆ ಬಿಳಿಚಿ ಗಡುಸಾಗುತ್ತದೆ. ಕೊನೆಗೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇದೇ ಸಬ್‌ಮ್ಯೂಕಸ್ ಫೈಬ್ರೋಸಿಸ್. ಗುಟ್ಕಾ, ಪಾನ್ ಮಸಾಲಗಳ ಚಟಕ್ಕೆ ಬಿದ್ದ ಯುವಕರಲ್ಲಿಯೂ ಈ ರೋಗವು ಕಂಡುಬರುತ್ತಿದೆ. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಇರಿಸಲಾಗದಷ್ಟು ಬಾಯಿ ಕಿರಿದಾಗಿದ್ದರೆ ವೈದ್ಯರನ್ನು ಕಾಣಬೇಕು.

ರೋಗನಿರ್ಣಯವು ವಿಚಾರಣೆಯಿಂದ ಆರಂಭವಾಗುತ್ತದೆ. ಮಚ್ಚೆಯು ಎಂದು ಮೂಡಿತು, ರೋಗಿಯ ಅಭ್ಯಾಸಗಳೇನು, ಸೇವಿಸುವ ಔಷಧಿಗಳಾವುವು ಎಂಬುದನ್ನು ವೈದ್ಯರು ಕೇಳುತ್ತಾರೆ. ಇಲ್ಲಿ ಸಂಕೋಚದಿಂದ ಚಟವನ್ನು ಮುಚ್ಚಿಟ್ಟರೆ ನಷ್ಟವು ರೋಗಿಗೇ. ಬಳಿಕ ನಾಲಗೆಯ ಅಂಚು, ಅಡಿಭಾಗ, ಕೆನ್ನೆ, ಅಂಗುಳಗಳನ್ನು ಬೆಳಕಿನಲ್ಲಿ ನೋಡಿ, ಬೆರಳಿನಿಂದ ಮುಟ್ಟಿ ಗಡಸುತನವನ್ನು ಪರೀಕ್ಷಿಸುತ್ತಾರೆ. ಚೂಪಾದ ಹಲ್ಲು ತಾಗುತ್ತಿದ್ದರೆ ಅದನ್ನು ಸರಿಪಡಿಸಿ, ಸುಮಾರು ಎರಡು ವಾರಗಳ ನಂತರ ಮತ್ತೆ ನೋಡುತ್ತಾರೆ. ಅಗತ್ಯವಿದ್ದಲ್ಲಿ ರಕ್ತಪರೀಕ್ಷೆ ಮಾಡಿಸುತ್ತಾರೆ. ಆಗಲೂ ಮಾಯದ, ಸಂಶಯಕ್ಕೆಡೆಗೊಡುವ ಮಚ್ಚೆಗೆ ಬಯಾಪ್ಸಿಯೇ ನಿರ್ಣಾಯಕ. ಆ ಜಾಗವನ್ನು ಮರಗಟ್ಟಿಸಿ, ಚಿಕ್ಕ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ವಿಧಾನವಿದು. ಇದರಿಂದ ಕ್ಯಾನ್ಸರ್ ಹರಡುತ್ತದೆಂಬ ಭೀತಿಯಿಂದ ಪರೀಕ್ಷೆಯನ್ನು ಮುಂದೂಡುವುದು ತರವಲ್ಲ. ವಿಳಂಬವೇ ನಿಜವಾದ ಅಪಾಯ.

ಕೇವಲ ಕಣ್ಣಿನಿಂದ ಬಾಯಿಯನ್ನು ಪರೀಕ್ಷಿಸುವುದರಿಂದಲೂ ಪ್ರಾಣಗಳು ಉಳಿಯುತ್ತವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಆಧಾರವಿದೆ. ಕೇರಳದ ತಿರುವನಂತಪುರದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ನಡೆಸಿದ ಇಂತಹ ತಪಾಸಣೆಯಿಂದ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಮರಣಗಳು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿದವೆಂದು 2005ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. 30 ವರ್ಷ ಮೀರಿದವರಿಗೆ ಬಾಯಿಯ ತಪಾಸಣೆ ನಡೆಸಲು ಕೇಂದ್ರ ಸರ್ಕಾರವು 2016ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮುಂಬಯಿ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಸರ್ಕಾರಿ ದಂತವೈದ್ಯಕೀಯ ಸಂಸ್ಥೆಗಳಿವೆ. ತಂಬಾಕು ಬಿಡಬಯಸುವವರು 1800-11-2356 ಎಂಬ ಶುಲ್ಕರಹಿತ ದೂರವಾಣಿಗೆ ಕರೆ ಮಾಡಬಹುದು.

ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಒಳ್ಳೆಯ ಬೆಳಕಿನಲ್ಲಿ ಬಾಯಿಯನ್ನು ನೋಡಿಕೊಳ್ಳುವುದು ಖರ್ಚಿಲ್ಲದ ಅಭ್ಯಾಸ. ಎರಡು ವಾರ ಕಳೆದರೂ ಮಾಯದ ಮಚ್ಚೆ ಅಥವಾ ಹುಣ್ಣು, ನೋವಿರಲಿ ಇಲ್ಲದಿರಲಿ, ವೈದ್ಯರ ಕಣ್ಣಿಗೆ ಬೀಳಲೇಬೇಕು.