ನಗರದ ಹೊರಗೆ ಒಂದು ರಾತ್ರಿ



ಮೋಟಾರಿನಲ್ಲಿ ದೂರಪ್ರಯಾಣ ಹೊರಡುವವರು ಮೂರು ವಿಷಯಗಳನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳುತ್ತಾರೆ: ಹೊರಡುವ ಹೊತ್ತು, ಹಿಡಿಯುವ ದಾರಿ, ಸೇರಬೇಕಾದ ಊರು. ನಾಲ್ಕನೆಯ ವಿಷಯವೊಂದುಂಟು. ನಡುವಣ ರಾತ್ರಿಯನ್ನು ಎಲ್ಲಿ ಕಳೆಯತಕ್ಕದ್ದು ಎಂಬುದು. ಅದನ್ನು ಮಾತ್ರ ದೈವಕ್ಕೆ ಬಿಟ್ಟಿರುತ್ತಾರೆ. ಇಲ್ಲವೇ, ದಾರಿಯಲ್ಲಿ ಸಿಕ್ಕುವ ದೊಡ್ಡ ಪಟ್ಟಣದಲ್ಲಿ ಯಾವುದಾದರೂ ಅಗ್ಗದ ಕೊಠಡಿ ದೊರೆಯದೆ ಹೋಗದು ಎಂಬ ಧೈರ್ಯದಿಂದಿರುತ್ತಾರೆ. ನಾವೂ ಹಾಗೆಯೇ ಇದ್ದೆವು. ಆ ಧೈರ್ಯವು ನಮ್ಮನ್ನು ಬಿಟ್ಟುಹೋದದ್ದು ಹೇಗೆ, ಅನಂತರ ನಾವು ಕಲಿತದ್ದೇನು ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡಲು ಬಯಸುತ್ತೇವೆ.

ಬೆಂಗಳೂರಿನಿಂದ ಮುಂಬಯಿಗೆ ಹೋಗುವ ೪೮ನೆಯ ರಾಷ್ಟ್ರೀಯ ಹೆದ್ದಾರಿಯು ನಿಮ್ಮಲ್ಲಿ ಅನೇಕರಿಗೆ ಪರಿಚಿತವಾದದ್ದೇ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳನ್ನು ಕಳೆದು ಗಡಿ ದಾಟಿದರೆ ಕೊಲ್ಲಾಪುರ, ಅಲ್ಲಿಂದ ಮುಂದೆ ಕರಾಡ, ಸಾತಾರಾ, ಆಮೇಲೆ ಪುಣೆ. ಬೆಂಗಳೂರಿನಿಂದ ಪುಣೆಗೆ ಸುಮಾರು ೮೪೦ ಕಿಲೋಮೀಟರು. ರಸ್ತೆ ಅಗಲವಾದದ್ದು, ಗಾಡಿ ಹೊಸದು. ಒಂದೇ ದಿನದಲ್ಲಿ ಪುಣೆಯನ್ನು ಮುಟ್ಟಿ, ಅಲ್ಲಿ ಮಲಗಿ, ಮರುದಿನ ಮುಂಬಯಿ ಸೇರುವುದೆಂದು ನಾವು ನಿಶ್ಚಯಿಸಿದೆವು. ಪುಣೆಯ ಒಳಭಾಗದಲ್ಲಿ ಬಹು ಕಡಮೆ ಬಾಡಿಗೆಯ ವಸತಿಗೃಹವೊಂದನ್ನು ಕಾದಿರಿಸಿದ್ದೂ ಆಯಿತು. ಗಾಡಿಯ ಸಾರಥಿಯು ಇಪ್ಪತ್ತು ವರ್ಷಗಳ ಅನುಭವವುಳ್ಳವನು. ಬೆಳಗಿನ ಜಾವ ೪ ಗಂಟೆಗೆ ಎದ್ದು, ೫ಕ್ಕೆ ಹೊರಟೆವು.

ಹುಬ್ಬಳ್ಳಿಯವರೆಗೆ ನಗು, ಹರಟೆ. ಕೊಲ್ಲಾಪುರದಲ್ಲಿ ಸಂಜೆ. ಸಾತಾರಾ ಕಳೆಯುವ ಹೊತ್ತಿಗೆ ಮಕ್ಕಳೆಲ್ಲ ನಿದ್ರೆಹೋಗಿದ್ದರು, ನಾವೂ ತೂಕಡಿಸುತ್ತಿದ್ದೆವು. ರಾತ್ರಿ ೯ರ ಸುಮಾರಿಗೆ ಪುಣೆಯ ಹೊರಗಣ ಕಾತ್ರಜದ ಸುರಂಗವನ್ನು ದಾಟಿದೆವು. ಅಲ್ಲಿಂದ ನವಲೆ ಸೇತುವೆಯವರೆಗೆ ಹೆದ್ದಾರಿಯು ಕೆಲವು ಕಿಲೋಮೀಟರು ಇಳಿಜಾರಾಗಿಯೇ ಇದೆ. ಭಾರ ಹೊತ್ತ ಲಾರಿಗಳು ಡೀಸೆಲ್ ಉಳಿಸುವ ಆಸೆಯಿಂದ ಗೇರು ಕಳಚಿ ಇಳಿಯುವುದೂ, ಬ್ರೇಕು ಕಾದು ಹಿಡಿತ ತಪ್ಪುವುದೂ ಅಲ್ಲಿ ಹಲವು ಸಲ ನಡೆದಿದೆ. ಅಪಘಾತಗಳಿಗೆ ಹೆಸರಾದ ಸ್ಥಳವದು. ಆ ಇಳಿಜಾರಿನಲ್ಲಿ ಮುಂದಿನ ಲಾರಿಯ ಕೆಂಪು ದೀಪಗಳು ಒಮ್ಮೆಗೇ ನಮ್ಮ ಮುಖದ ಮುಂದೆ ಬಂದಂತಾಯಿತು. ಯಾರೋ ಕೂಗಿದರು. ಗಾಡಿ ಕಿರುಚಿ ನಿಂತಿತು. ಲಾರಿಗೂ ನಮಗೂ ನಡುವೆ ಒಂದು ಮಾರು ಉಳಿದಿದ್ದೀತು, ಅಷ್ಟೇ.

ಆ ರಾತ್ರಿ ಯಾರೂ ಹೆಚ್ಚು ಮಾತನಾಡಲಿಲ್ಲ. ವಸತಿಗೃಹವನ್ನು ಸೇರಿದಾಗ ೧೦ ಗಂಟೆ ಮೀರಿತ್ತು. ಕೊಠಡಿಯ ಬಾಡಿಗೆ ಅಗ್ಗವೇನೋ ಹೌದು. ಆದರೆ ಗಾಡಿ ನಿಲ್ಲಿಸಲು ಅಂಗಳವಿಲ್ಲ; ಎರಡು ಬೀದಿಯಾಚೆ ಹಣ ತೆತ್ತು ನಿಲ್ಲಿಸಬೇಕಾಯಿತು. ಸಾರಥಿಗೆ ಹಾಸಿಗೆಯಿಲ್ಲ, ಆತನು ಗಾಡಿಯಲ್ಲಿಯೇ, ಸೊಳ್ಳೆಗಳ ನಡುವೆ, ಕಾಲು ಮಡಚಿ ರಾತ್ರಿ ಕಳೆದನು. ಬೆಳಿಗ್ಗೆ ಕಾಫಿ ಕುಡಿಯುವಾಗ ತಲೆ ತಗ್ಗಿಸಿ ಒಂದು ಮಾತು ಹೇಳಿದನು: “ಸುರಂಗ ದಾಟಿದ್ದು ನನಗೆ ನೆನಪೇ ಇಲ್ಲ, ಸ್ವಾಮಿ.”

ಈ ಮಾತಿನ ಅರ್ಥವನ್ನು ನಾವು ಅನಂತರ ವಿಚಾರಮಾಡಿದೆವು. ಬೆಳಿಗ್ಗೆ ೪ಕ್ಕೆ ಎದ್ದವನಿಗೆ ರಾತ್ರಿ ೯ಕ್ಕೆ ಎಚ್ಚರದ ೧೭ ಗಂಟೆಗಳು ತುಂಬುತ್ತವೆ. ಡಾಸನ್ ಮತ್ತು ರೀಡ್ ಎಂಬ ಇಬ್ಬರು ಸಂಶೋಧಕರು ಆಸ್ಟ್ರೇಲಿಯಾದಲ್ಲಿ ಪ್ರಯೋಗ ನಡೆಸಿ ೧೯೯೭ರಲ್ಲಿ ಪ್ರಕಟಿಸಿದ ಫಲವೇನೆಂದರೆ, ೧೭ ಗಂಟೆಗಳ ಕಾಲ ಎಚ್ಚರವಾಗಿದ್ದವನ ಕೈ ಕಣ್ಣುಗಳ ಚಟುವಟಿಕೆಯು ರಕ್ತದಲ್ಲಿ ಶೇಕಡಾ ೦.೦೫ ಮದ್ಯವಿರುವವನ ಚಟುವಟಿಕೆಯ ಮಟ್ಟಕ್ಕೆ ಇಳಿದಿರುತ್ತದೆ. ನಮ್ಮ ದೇಶದ ಕಾನೂನು ಗಾಡಿ ನಡೆಸುವವನಿಗೆ ವಿಧಿಸಿರುವ ಮಿತಿಯಾದರೋ ಶೇಕಡಾ ೦.೦೩. ಎಂದರೆ, ಒಂದು ತೊಟ್ಟು ಹೆಂಡವನ್ನೂ ಮುಟ್ಟದ ಆ ಸಾಧುವಾದ ಮನುಷ್ಯನನ್ನು ನಾವು ಅಮಲೇರಿದವನ ಸ್ಥಿತಿಗೆ ತಂದು, ಆ ದಾರಿಯ ಅತ್ಯಂತ ಕಠಿನವಾದ ಇಳಿಜಾರಿನಲ್ಲಿ, ರಾತ್ರಿಯ ಹೊತ್ತು, ನಮ್ಮ ಮಕ್ಕಳನ್ನು ಅವನ ಕೈಗೆ ಒಪ್ಪಿಸಿದ್ದೆವು. ತಪ್ಪು ಆತನದಲ್ಲ. ತಂಗುವ ಊರನ್ನು ಆರಿಸಿದವರು ನಾವು.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು. ಕೋಟೆಯ ಬಾಗಿಲು ಸಂಜೆಗೆ ಮುಚ್ಚುತ್ತಿದ್ದ ಕಾಲದಲ್ಲಿ ಗಾಡಿಯವರು ಊರ ಹೊರಗಣ ತೋಪಿನಲ್ಲಿ ಎತ್ತು ಬಿಚ್ಚಿ, ಛತ್ರದಲ್ಲಿ ಮಲಗಿ, ಬಾಗಿಲು ತೆರೆದಮೇಲೆ ಒಳಹೋಗುತ್ತಿದ್ದರು. ಈಗ ಬಾಗಿಲುಗಳಿಲ್ಲ. ಆದರೆ ಮಹಾನಗರದ ಅಂಚಿನಲ್ಲಿ ಸಂಜೆಯ ಹೊತ್ತು ನಿಲ್ಲುವ ವಾಹನಗಳ ಸಾಲು ಒಂದು ಬಗೆಯ ಮುಚ್ಚಿದ ಬಾಗಿಲೇ ಸರಿ. ಅದನ್ನು ದಣಿದ ಕೈಗಳಿಂದ ತಳ್ಳುವುದಕ್ಕಿಂತ ಹೊರಗೆ ಮಲಗಿ ಬೆಳಿಗ್ಗೆ ದಾಟುವುದು ಮೇಲು.

ಮರುವರ್ಷ ಅದೇ ದಾರಿಯಲ್ಲಿ, ಅದೇ ಸಾರಥಿಯೊಡನೆ ಹೊರಟಾಗ ಕ್ರಮವನ್ನು ಬದಲಾಯಿಸಿದೆವು. ಮೊದಲ ರಾತ್ರಿ ದಾವಣಗೆರೆಯ ಬಂಧುಗಳ ಮನೆ. ಮರುದಿನ ೬ಕ್ಕೆ ಹೊರಟು, ಸುಮಾರು ೪೭೦ ಕಿಲೋಮೀಟರು ನಡೆದು, ಇನ್ನೂ ಬಿಸಿಲಿರುವಾಗಲೇ ಸಾತಾರೆಯಲ್ಲಿ ಇಳಿದೆವು. ಅಲ್ಲಿಂದ ಪುಣೆಗೆ ಸುಮಾರು ೧೧೦ ಕಿಲೋಮೀಟರು. ಮುಂಜಾನೆ ೫ಕ್ಕೆ ಹೊರಟರೆ ೭ರ ಸುಮಾರಿಗೆ, ಎಂದರೆ ಕಚೇರಿಗೆ ಹೋಗುವವರ ಗಾಡಿಗಳು ಹೊರಬರುವ ಮೊದಲೇ, ಪುಣೆಯ ಪಶ್ಚಿಮದಂಚಿನ ರಸ್ತೆಯಲ್ಲಿ ವಾಕಡ, ರಾವೇತಗಳನ್ನು ಕಳೆದು ಮುಂಬಯಿಯ ವೇಗಮಾರ್ಗವನ್ನು ಹಿಡಿಯಬಹುದು. ೨೦೦೨ರಲ್ಲಿ ಪೂರ್ಣವಾಗಿ ತೆರೆದ ಆ ಮಾರ್ಗದ ಉದ್ದ ೯೪.೫ ಕಿಲೋಮೀಟರು. ಅದೇ ಕಾತ್ರಜದ ಇಳಿಜಾರನ್ನು ಈ ಸಲ ಹಗಲ ಬೆಳಕಿನಲ್ಲಿ, ರಾತ್ರಿಯೆಲ್ಲ ಮಲಗಿ ಎದ್ದ ಸಾರಥಿಯೊಡನೆ ಇಳಿದೆವು. ಅದು ಬೇರೆಯೇ ರಸ್ತೆಯಂತೆ ಕಂಡಿತು.

ಬೆಂಗಳೂರಿನಿಂದಲೇ ನೇರವಾಗಿ ಹೊರಡುವವರಿಗೆ ಸಾತಾರಾ ದೂರವಾಯಿತು. ಒಬ್ಬನೇ ಗಾಡಿ ನಡೆಸುವುದಾದರೆ ಬೆಳಗಾವಿ ಅಥವಾ ಕೊಲ್ಲಾಪುರದಲ್ಲಿಯೇ ನಿಲ್ಲತಕ್ಕದ್ದು. ಮರುದಿನ ನಿಧಾನವಾಗಿ ಹೊರಟು, ಬೆಳಗಿನ ಸಂದಣಿ ಕರಗಿದಮೇಲೆ ಪುಣೆಯನ್ನು ದಾಟಬಹುದು. ಊರಿನ ಹೆಸರು ಮುಖ್ಯವಲ್ಲ, ನಿಯಮ ಮುಖ್ಯ. ದೂರವನ್ನು ನೋಡಿ ತಂಗುದಾಣವನ್ನು ಆರಿಸಬಾರದು. ಹೊತ್ತನ್ನು ನೋಡಿ ಆರಿಸಬೇಕು. ಸೂರ್ಯಾಸ್ತಕ್ಕೆ ಮುನ್ನ ತಲುಪುವ ಊರು ಯಾವುದು, ಮರುದಿನ ಮಹಾನಗರವನ್ನು ಯಾವ ಹೊತ್ತಿಗೆ ದಾಟಬೇಕು, ಈ ಎರಡು ಪ್ರಶ್ನೆಗಳ ನಡುವೆ ಸಿಕ್ಕುವ ಊರೇ ನಮ್ಮ ಊರು.

ಇನ್ನು ವೆಚ್ಚದ ಮಾತು. ಅಗ್ಗವೆಂದರೆ ಕೊಠಡಿಯ ಬಾಡಿಗೆ ಮಾತ್ರವಲ್ಲ. ಬಾಡಿಗೆ, ಗಾಡಿ ನಿಲ್ಲಿಸುವ ಹಣ, ನಗರದೊಳಗೆ ಅಲೆದು ಸುಟ್ಟ ಎಣ್ಣೆ, ಊಟ, ಸಾರಥಿಯ ವಸತಿ, ಇವಿಷ್ಟನ್ನೂ ಕೂಡಿಸಿದಮೇಲೆ ಬರುವ ಮೊತ್ತವೇ ಆ ರಾತ್ರಿಯ ಬೆಲೆ. ಹಾಗೆ ಕೂಡಿಸಿ ನೋಡಿದಾಗ, ಪುಣೆಯ ನಮ್ಮ ಅಗ್ಗದ ರಾತ್ರಿಗಿಂತ ಸಾತಾರೆಯ ರಾತ್ರಿಯೇ ಕಡಮೆಗೆ ಒದಗಿತು. ಬಾಡಿಗೆಯನ್ನು ಕೇಳುವಾಗ ತೆರಿಗೆ ಸೇರಿದೆಯೇ ಎಂದೂ ಕೇಳತಕ್ಕದ್ದು. ೨೦೨೫ರ ಸೆಪ್ಟೆಂಬರ್ ೨೨ರಿಂದ ದಿನಕ್ಕೆ ೭,೫೦೦ ರೂಪಾಯಿಯವರೆಗಿನ ಕೊಠಡಿಗಳ ಮೇಲೆ ವಿಧಿಸಿದ ತೆರಿಗೆ ಶೇಕಡಾ ೫. ಸುಂಕದ ಕಟ್ಟೆಗಳನ್ನೂ ಗಮನಿಸಬೇಕು. ಸಾತಾರೆಯನ್ನು ದಾಟಿ ಪುಣೆಯ ಕಡೆಗೆ ಹೋದರೆ ಆನೇವಾಡಿಯ ಕಟ್ಟೆ. ಮುಂದೆ ಇನ್ನೂ ಅಗ್ಗವಾದದ್ದು ಸಿಕ್ಕೀತೆಂದು ಅದನ್ನು ದಾಟಿಹೋಗಿ, ಸಿಕ್ಕದೆ ಹಿಂತಿರುಗಿದವನ ಉಳಿತಾಯವು ಸುಂಕಕ್ಕೆ ಸಲ್ಲುತ್ತದೆ.

ಕೊಠಡಿಯನ್ನು ಆರಿಸುವಲ್ಲಿ ನಮಗೆ ಅನುಭವದಿಂದ ತಿಳಿದ ಕೆಲವು ಸೂಕ್ಷ್ಮಗಳುಂಟು. ಹೆದ್ದಾರಿಗೆ ಅಂಟಿಕೊಂಡ ವಸತಿಗೃಹದಲ್ಲಿ ರಾತ್ರಿಯೆಲ್ಲ ಲಾರಿಗಳ ಗರ್ಜನೆ; ಬಸ್ಸು ನಿಲ್ದಾಣದ ಎದುರಿನದರಲ್ಲಿ ಕೊಂಬಿನ ಸದ್ದು; ಹಳೆಯ ಪೇಟೆಯ ಒಳಗಿನದಕ್ಕೆ ಗಾಡಿ ನುಗ್ಗದಷ್ಟು ಕಿರಿದಾದ ಓಣಿ. ಹೆದ್ದಾರಿಯಿಂದ ಒಂದೆರಡು ಕಿಲೋಮೀಟರು ಒಳಗೆ, ಅಗಲವಾದ ಬೀದಿಯಲ್ಲಿ, ಅಂಗಳವುಳ್ಳದ್ದು ಉತ್ತಮ. ಮಧ್ಯಾಹ್ನದ ಊಟಕ್ಕೆ ನಿಂತಲ್ಲಿಂದಲೇ ದೂರವಾಣಿಯಲ್ಲಿ ವಿಚಾರಿಸಿದರೆ ಸಂಜೆಯ ಅಲೆದಾಟ ತಪ್ಪುತ್ತದೆ. ಹಣ ಕೊಡುವ ಮೊದಲು ಕೊಠಡಿಯನ್ನು ಕಣ್ಣಾರೆ ನೋಡಬೇಕು: ನಲ್ಲಿಯಲ್ಲಿ ನೀರು, ಬಾಗಿಲಿಗೆ ಅಗುಳಿ, ಕಿಟಕಿಗೆ ಜಾಲರಿ. ಮುಂಜಾನೆ ೫ಕ್ಕೆ ಹೊರಡುವುದಾದರೆ ಆ ಹೊತ್ತಿಗೆ ಹೆಬ್ಬಾಗಿಲು ತೆರೆಯುವವರು ಯಾರೆಂದು ರಾತ್ರಿಯೇ ಗೊತ್ತುಮಾಡಿಕೊಳ್ಳದಿದ್ದರೆ, ಮಲಗಿರುವ ಕಾವಲುಗಾರನನ್ನು ಹುಡುಕುವುದರಲ್ಲಿ ಅರ್ಧ ಗಂಟೆ ಹೋಗುತ್ತದೆ.

ಋತುವನ್ನೂ ನೋಡಿಕೊಳ್ಳಬೇಕು. ಸಾತಾರೆಯ ಸಮೀಪದ ಕಾಸ್ ಪ್ರಸ್ಥಭೂಮಿಯಲ್ಲಿ ಮಳೆಗಾಲದ ಕೊನೆಗೆ, ವಿಶೇಷವಾಗಿ ಸೆಪ್ಟೆಂಬರಿನಲ್ಲಿ, ಕಾಡುಹೂಗಳು ಅರಳಿ ಜನ ತಂಡತಂಡವಾಗಿ ಬರುತ್ತಾರೆ. ಆಗಿನ ಶನಿವಾರಗಳಲ್ಲಿ ಅಗ್ಗದ ಕೊಠಡಿಯನ್ನು ನೆಚ್ಚಿಕೊಂಡು ಸಾತಾರೆಗೆ ಹೋಗುವುದು ಜಾಣತನವಲ್ಲ. ೫೦ ಕಿಲೋಮೀಟರು ಈಚೆಗಿನ ಕರಾಡದಲ್ಲಿಯೇ ನಿಲ್ಲಬಹುದು. ಪುಣೆಯಾಚೆಯ ಲೋನಾವಳಕ್ಕೂ ವಾರಾಂತ್ಯದಲ್ಲಿ ಇದೇ ಮಾತು ಸಲ್ಲುತ್ತದೆ.

ಬೇಗ ತಲುಪಿದವರಿಗೆ ಊರು ಒಂದು ಉಡುಗೊರೆಯನ್ನೂ ಕೊಡುತ್ತದೆ. ಶಿವಾಜಿಯ ಮೊಮ್ಮಗನಾದ ಶಾಹು ೧೭೦೮ರಲ್ಲಿ ಪಟ್ಟವೇರಿದ್ದು ಸಾತಾರೆಯಲ್ಲಿ. ಆ ಸಂಸ್ಥಾನವನ್ನು ಇಂಗ್ಲಿಷರು ನುಂಗಿದ್ದು ೧೮೪೮ರಲ್ಲಿ. ಊರ ಮೇಲೆ ಅಜಿಂಕ್ಯತಾರಾ ಕೋಟೆ. ಪೇಟೆಯಲ್ಲಿ ಕಂದಿ ಪೇಢೆ. ಊರಿನಿಂದ ಸ್ವಲ್ಪ ದೂರದ ಮಾಹುಲಿಯಲ್ಲಿ ವೆಣ್ಣಾ ನದಿಯು ಕೃಷ್ಣೆಯನ್ನು ಸೇರುತ್ತದೆ. ನಾವು ಆ ಸಂಜೆ ಸಂಗಮದ ಮೆಟ್ಟಿಲುಗಳ ಮೇಲೆ ಕುಳಿತಿದ್ದೆವು. ಈ ನೀರೇ ಮುಂದೆ ನಮ್ಮ ಬೆಳಗಾವಿ, ಬಾಗಲಕೋಟೆಗಳ ಕಡೆಗೆ ಹರಿದು ಬರುತ್ತದೆಂದು ಮಕ್ಕಳಿಗೆ ತೋರಿಸಿದೆವು. ಹಿಂದಿನ ವರ್ಷ ಇದೇ ಊರನ್ನು ಮಕ್ಕಳು ನಿದ್ರೆಯಲ್ಲಿಯೇ ದಾಟಿದ್ದರು.

ಕೊನೆಯದಾಗಿ ಒಂದು ಮಾತು. ನಮ್ಮ ಮಟ್ಟಿಗೆ ಇದೇ ಮೊದಲನೆಯದು. ವಸತಿಗೃಹದವರನ್ನು ಬಾಡಿಗೆ ಕೇಳುವುದಕ್ಕೆ ಮುನ್ನ, “ನಮ್ಮ ಸಾರಥಿಗೆ ಹಾಸಿಗೆಯುಂಟೇ?” ಎಂದು ಕೇಳಿರಿ. ಗಾಡಿ ನಡೆಸುವವರು ಮನೆಯವರೇ ಆಗಿದ್ದರೆ, ಗಾಳಿ ಬರುವ ಮಂಚವನ್ನು ಅವರಿಗೆ ಬಿಡಿರಿ. ಅವರನ್ನು ೯ಕ್ಕೇ ಮಲಗಗೊಡಿರಿ. ಕೂಲಿಗೆ ದುಡಿಯುವ ಮೋಟಾರು ನಡೆಸುವವರ ಕೆಲಸಕ್ಕೆ ದಿನಕ್ಕೆ ೮ ಗಂಟೆಯ ಮಿತಿಯನ್ನು ಕಾನೂನು ೧೯೬೧ರಷ್ಟು ಹಿಂದೆಯೇ ಗೊತ್ತುಮಾಡಿತು. ಮನೆಯ ಮಂದಿಯನ್ನೆಲ್ಲ ಹೊತ್ತು ನಡೆಯುವ ಗಾಡಿಯಲ್ಲಿ ಆ ವಿವೇಕವನ್ನು ಮರೆಯಲಾಗದು. ಸಾತಾರೆಯಲ್ಲಿ ನಮ್ಮ ಸಾರಥಿಗೆ ದೊರೆತದ್ದು ಒಂದು ಚಿಕ್ಕ ಕೋಣೆ, ಒಂದು ಮಂಚ, ಒಂದು ಬೀಸಣಿಗೆ. ಅದಕ್ಕಾಗಿ ನಾವು ಹೆಚ್ಚಾಗಿ ತೆತ್ತ ಹಣವು ಆ ಪ್ರಯಾಣದ ವೆಚ್ಚಗಳಲ್ಲೆಲ್ಲ ಅತ್ಯಂತ ಸಣ್ಣದು. ಬೆಳಿಗ್ಗೆ ಆತನು ಮುಖ ತೊಳೆದು, ಹಣೆಗೆ ವಿಭೂತಿಯಿಟ್ಟು, ನಮಗಿಂತ ಮೊದಲೇ ಗಾಡಿಯ ಗಾಜನ್ನು ಒರಸುತ್ತ ನಿಂತಿದ್ದನು.