ಹಬ್ಬದ ಮರುದಿನದ ಟಾಂಗಾ

(ಶಾಲಾ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿದ್ಯಾರ್ಥಿಗಳ ಛಾಯಾಚಿತ್ರ ಪ್ರದರ್ಶನದ ಉದ್ಘಾಟನೆಯಂದು ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಈ ಗೋಡೆಯ ಮೇಲೆ ಮೂವತ್ತೊಂದು ಛಾಯಾಚಿತ್ರಗಳಿವೆ. ಕಳೆದ ದಸರೆಯಲ್ಲಿ ಮೈಸೂರಿನ ಪಾರಂಪರಿಕ ಟಾಂಗಾ ಸವಾರಿಯನ್ನು ಕಂಡು, ನಮ್ಮ ಏಳನೆಯ ತರಗತಿಯ ಹನ್ನೆರಡು ಮಕ್ಕಳು ಇವುಗಳನ್ನು ತೆಗೆದಿದ್ದಾರೆ. ಶತಮಾನೋತ್ಸವಕ್ಕೂ ಟಾಂಗಾಗಳಿಗೂ ಏನು ಸಂಬಂಧವೆಂದು ಕೆಲವರು ನಮ್ಮನ್ನು ಕೇಳಿದ್ದುಂಟು. ಅದಕ್ಕೆ ಉತ್ತರ ಹೇಳುವುದಕ್ಕಾಗಿಯೇ ಈ ನಾಲ್ಕು ಮಾತುಗಳು.

ನಮ್ಮ ವಯನಾಡು ರೈಲು ಹಳಿಯೇ ಇಲ್ಲದ ಜಿಲ್ಲೆ. ಇಲ್ಲಿಯ ಮಕ್ಕಳಿಗೆ ವಾಹನವೆಂದರೆ ಬಸ್ಸು, ಜೀಪು, ಆಟೋ. ಸಾರಿಗೆಯ ಚರಿತ್ರೆಯನ್ನು ಪಾಠ ಮಾಡುವಾಗ ಟ್ರಾಮು, ಜಟಕಾ ಎಂಬ ಹೆಸರುಗಳನ್ನು ಹೇಳುತ್ತೇವೆ, ಮಕ್ಕಳು ತಲೆಯಾಡಿಸುತ್ತಾರೆ. ಮದರಾಸಿನ ಟ್ರಾಮು 1953ರಲ್ಲಿ ನಿಂತಿತು, ಮುಂಬಯಿಯದು 1964ರಲ್ಲಿ. ಕೋಲ್ಕತ್ತ ನಮಗೆ ಬಹುದೂರ. ಆದರೆ ಕಾಡಿನ ಆಚೆಗಿರುವ ಮೈಸೂರಿನಲ್ಲಿ ಹಳೆಯ ಕಾಲದ ಒಂದು ವಾಹನ ಇಂದಿಗೂ ಬೀದಿಯಲ್ಲಿದೆ. ಅದನ್ನೇ ತೋರಿಸೋಣವೆಂದು ನಿರ್ಧರಿಸಿದೆವು.

ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಷಿದ್ಧವೆಂಬುದು ತಮಗೆಲ್ಲ ತಿಳಿದದ್ದೇ. ಸವಾರಿ ಬೆಳಗ್ಗೆಯೇ ಹೊರಡುವುದರಿಂದ ನಾವು ಹಿಂದಿನ ದಿನವೇ ಮುತ್ತಂಗ, ಗುಂಡ್ಲುಪೇಟೆ, ನಂಜನಗೂಡುಗಳನ್ನು ದಾಟಿ ಮೈಸೂರು ಸೇರಿದೆವು. ಅಲ್ಲಿ ನೆಲೆಸಿರುವ ಈ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಹದಿನಾಲ್ಕು ಮಂದಿಗೂ ಊಟವಿಕ್ಕಿ, ತಮ್ಮ ಮನೆಯ ನಡುಮನೆಯಲ್ಲಿಯೇ ಹಾಸಿಗೆ ಹಾಸಿದರು. ಅವರ ಉಪಕಾರವನ್ನು ಈ ಸಭೆಯಲ್ಲಿ ಸ್ಮರಿಸುತ್ತೇವೆ.

ಹೊರಡುವ ಮುನ್ನ ನಮ್ಮ ಚಿತ್ರಕಲಾ ಅಧ್ಯಾಪಕರು ಮಕ್ಕಳಿಗೆ ನಾಲ್ಕು ಪಾಠಗಳನ್ನು ಹೇಳಿಕೊಟ್ಟಿದ್ದರು. ಕುದುರೆಯ ಎದುರಿಗೆ ನಿಲ್ಲಬಾರದು, ಅದರ ಮುಖಕ್ಕೆ ಬೆಳಕು ಹಾಯಿಸಬಾರದು. ಓಡುವ ಗಾಡಿಯನ್ನು ಹಿಡಿಯಬೇಕಾದರೆ ಕ್ಯಾಮೆರಾವನ್ನೂ ಗಾಡಿಯ ಜೊತೆಜೊತೆಗೆ ತಿರುಗಿಸಬೇಕು. ಆಗ ಗಾಡಿ ಸ್ಪಷ್ಟವಾಗಿ ನಿಂತು, ಹಿಂದಿನ ಬೀದಿ ಹರಿದಂತೆ ಕಾಣುತ್ತದೆ. ಯಾರ ಚಿತ್ರ ತೆಗೆಯುವುದಾದರೂ ಅವರ ಒಪ್ಪಿಗೆ ಕೇಳಬೇಕು. ಕೊನೆಯದಾಗಿ, ಗಾಡಿಯನ್ನು ನೋಡುವಾಗ ಗಾಡಿ ಹೊಡೆಯುವವನನ್ನು ಮರೆಯಬಾರದು. ಈ ಕಡೆಯ ಮಾತು ವಯನಾಡಿನ ಮಕ್ಕಳಿಗೆ ಬೇಗನೆ ಅರ್ಥವಾಯಿತು. ಲಕ್ಕಿಡಿಯ ಸರಪಳಿ ಮರದ ಐತಿಹ್ಯವನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಘಟ್ಟದ ದಾರಿಯನ್ನು ಕಂಡುಹಿಡಿದ ಕೀರ್ತಿ ಬಿಳಿಯ ಅಧಿಕಾರಿಗೆ ಸಂದಿತು. ದಾರಿ ತೋರಿದ ಪಣಿಯ ಸಮುದಾಯದ ಕರಿಂತಂಡನ್ ಪಾಲಿಗೆ ಬಂದದ್ದು ಸಾವು.

ಮರುದಿನ ಬೆಳಗ್ಗೆ ರಂಗಾಚಾರ್ಲು ಪುರಭವನದ ಮುಂದೆ ಟಾಂಗಾಗಳು ಸಾಲುಗಟ್ಟಿ ನಿಂತಿದ್ದವು. ಮೈಸೂರಿನವರು ಶಾಪಸಂದ್ ಎಂದು ಕರೆಯುವ ಗಾಡಿಗಳು ಹೂಮಾಲೆಗಳನ್ನು ತೊಟ್ಟಿದ್ದವು. ಪೇಟ ಧರಿಸಿದ ಗಂಡಂದಿರೂ ರೇಷ್ಮೆ ಸೀರೆಯುಟ್ಟ ಹೆಂಡಂದಿರೂ ಏರಿ ಕುಳಿತರು. ಪಕ್ಕದಲ್ಲಿಯೇ ಇರುವ ದೊಡ್ಡ ಗಡಿಯಾರವನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ ನೆನಪಿಗೆ 1927ರಲ್ಲಿ ಕಟ್ಟಲಾಯಿತು. ಅದರ ಮುಖದ ಮೇಲೆ ಕನ್ನಡದ ಅಂಕಿಗಳಿವೆ. ನಮ್ಮ ಮಕ್ಕಳು ಟಾಂಗಾಗಳನ್ನೂ ಮರೆತು ಅದನ್ನು ದಿಟ್ಟಿಸಿ, ಸಮಯವನ್ನು ಗಟ್ಟಿಯಾಗಿ ಓದಿದರು. ಆ ಅಂಕಿಗಳನ್ನು ಕಲಿಸಿದ ಅಧ್ಯಾಪಕರಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇರಿಲ್ಲ.

ಸವಾರಿ ಸಾಗಿತು, ಮುಗಿಯಿತು. ಚಿತ್ರಗಳನ್ನು ತೆಗೆದ ಜನಸಂದಣಿ ಕರಗಿತು. ನಮ್ಮ ಒಬ್ಬಳು ಬಾಲಕಿ ಮಾತ್ರ ಹಿಂದೆ ಉಳಿದಳು. ವೃದ್ಧ ಗಾಡಿಯವರೊಬ್ಬರು ಹೂವಿನ ಹಾರಗಳನ್ನು ಬಿಚ್ಚಿ, ಕುದುರೆಗೆ ಹುಲ್ಲು ಹಾಕುತ್ತಿದ್ದರು. ಅವಳು ಒಪ್ಪಿಗೆ ಕೇಳಿದಳು. ಅವರು ನಕ್ಕು, "ತೆಗಿಯಮ್ಮ, ಇವತ್ತು ಎಲ್ರೂ ತೆಗೀತಾರೆ. ನಾಳೆ ಗಾಡಿ ಹತ್ತೋರು ಯಾರು?" ಎಂದರು.

ಆ ಪ್ರಶ್ನೆಗೆ ನಮ್ಮಲ್ಲಿ ಮಾತಿನ ಉತ್ತರವಿರಲಿಲ್ಲ. ಬಾಡಿಗೆ ಕೇಳಿ, ಮಕ್ಕಳನ್ನು ಮೂರು ತಂಡ ಮಾಡಿ, ಅರಮನೆಯ ಸುತ್ತ ಅವರದೇ ಗಾಡಿಯಲ್ಲಿ ಕೂರಿಸಿದೆವು. ಅದರಿಂದಾಗಿ ಹೊರಡುವುದು ತಡವಾಯಿತು. ಕಾಡಿನ ದಾರಿ ಮುಚ್ಚುವ ಮೊದಲು ತಲಪುವ ಆತಂಕವೂ ಉಂಟಾಯಿತು. ಆದರೆ ಮಕ್ಕಳು ದಾರಿಯುದ್ದಕ್ಕೂ ಮಾತನಾಡಿದ್ದು ಹೂವಿನ ಅಲಂಕಾರದ ಕುರಿತಲ್ಲ. ಗೊರಸಿನ ಸದ್ದು, ಚಕ್ರದ ಕುಲುಕಾಟ, ಕುದುರೆಯ ಹೆಸರು, ಇವೇ ಅವರ ಮಾತು.

ಹಿಂತಿರುಗಿದ ಮೇಲೆ ತರಗತಿಯಲ್ಲಿ ಕೋಲ್ಕತ್ತದ ಟ್ರಾಮಿನ ಕಥೆಯನ್ನು ಮುಂದುವರಿಸಿದೆವು. ಅಲ್ಲಿ ಕುದುರೆಗಳು ಎಳೆಯುವ ಟ್ರಾಮು 1873ರಲ್ಲಿ, ವಿದ್ಯುತ್ ಟ್ರಾಮು 1902ರಲ್ಲಿ ಓಡತೊಡಗಿದವು. 2023ರಲ್ಲಿ ನೂರೈವತ್ತನೆಯ ವರ್ಷದ ಉತ್ಸವ ನಡೆಯಿತು. ಹಳೆಯ ಗಾಡಿಗಳನ್ನು ಸಿಂಗರಿಸಿದರು, ಜನ ಚಿತ್ರಗಳನ್ನು ತೆಗೆದರು. ಮರುವರ್ಷವೇ, ಒಂದು ಪಾರಂಪರಿಕ ಮಾರ್ಗವನ್ನು ಬಿಟ್ಟು ಉಳಿದ ಟ್ರಾಮು ಸೇವೆಯನ್ನು ನಿಲ್ಲಿಸುವ ತೀರ್ಮಾನವನ್ನು ಸರಕಾರ ಪ್ರಕಟಿಸಿತು. ಉತ್ಸವಕ್ಕೆ ಬಂದವರ ಪ್ರೀತಿ ಸುಳ್ಳಾಗಿರಲಿಲ್ಲ. ಆದರೆ ವಾಹನವನ್ನು ಉಳಿಸುವವರು ದಿನವೂ ಚೀಟಿ ಪಡೆದು ಏರುವ ಪ್ರಯಾಣಿಕರು.

ಬಂಧುಗಳೇ, ಇಂದು ನಮ್ಮ ಶಾಲೆಯೂ ಹೂಮಾಲೆ ತೊಟ್ಟು ನಿಂತಿದೆ. ಮಲಯಾಳದ ನಾಡಿನಲ್ಲಿ ನೂರು ವರ್ಷ ಕನ್ನಡದಲ್ಲಿ ಅಕ್ಷರ ತಿದ್ದಿಸಿದ ಈ ಶಾಲೆಯ ಅಂಗಳದಲ್ಲಿ ಬೆಳಗಿನಿಂದ ಎಲ್ಲರೂ ಚಿತ್ರ ತೆಗೆಯುತ್ತಿದ್ದಾರೆ. ಅದು ನಮಗೂ ಸಂತೋಷವೇ. ಆದರೆ ಆ ವೃದ್ಧರ ಪ್ರಶ್ನೆ ನಮ್ಮ ಕಿವಿಯಲ್ಲಿ ಇನ್ನೂ ಇದೆ. ಒಂದನೆಯ ತರಗತಿಯ ಹಾಜರಿ ಪುಸ್ತಕದ ಹೆಸರುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ದೂರುವುದಾದರೆ ಮೊದಲು ನಮ್ಮನ್ನೇ ದೂರಬೇಕು. ಅಧ್ಯಾಪಕರಾದ ನಮ್ಮಲ್ಲಿಯೂ ಕೆಲವರು ಸ್ವಂತ ಮಕ್ಕಳನ್ನು ಬೇರೆ ಮಾಧ್ಯಮದ ಶಾಲೆಗೆ ಕಳುಹಿಸಿದ್ದೇವೆ. ಈ ಮಾತನ್ನು ಮುಚ್ಚಿಟ್ಟು ತಮ್ಮಲ್ಲಿ ಬಿನ್ನವಿಸುವ ಅರ್ಹತೆ ನಮಗಿಲ್ಲ.

ಮಲಯಾಳವನ್ನೂ ಇಂಗ್ಲಿಷನ್ನೂ ಮಕ್ಕಳು ಕಲಿಯಲಿ. ಇಲ್ಲಿಯೂ ಕಲಿಸುತ್ತೇವೆ, ಇನ್ನಷ್ಟು ಚೆನ್ನಾಗಿ ಕಲಿಸುವ ಹೊಣೆ ನಮ್ಮದು. ತಾವು ನೀಡುವ ದೇಣಿಗೆಗೂ ಪ್ರಶಂಸೆಗೂ ನಾವು ಋಣಿಗಳು. ಆದರೆ ಶಾಲೆಯನ್ನು ಓಡಿಸುವುದು ಮಕ್ಕಳು. ಪ್ರದರ್ಶನದ ಕೊನೆಯಲ್ಲಿ, ಬಾಗಿಲ ಪಕ್ಕದಲ್ಲಿ, ಹಾರ ಬಿಚ್ಚಿದ ಟಾಂಗಾದ ಚಿತ್ರವಿದೆ. ಅದನ್ನು ನೋಡಿದ ಮೇಲೆ ಎದುರಿನ ಒಂದನೆಯ ತರಗತಿಯ ಕೊಠಡಿಗೂ ದಯವಿಟ್ಟು ಬನ್ನಿ. ಅಲ್ಲಿ ಬೆಂಚುಗಳು ಖಾಲಿ ಇವೆ. ತಮ್ಮ ಮನೆಯ ಮಗುವಿಗಾಗಿ ಕಾಯುತ್ತಿದ್ದೇವೆ.