ಗಂಟಿನೊಳಗಿನ ಬರಹ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಬಿ. ಎಲ್. ರೈಸ್ ಅವರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ಶಾಸನದ ಲಿಪಿ ಬ್ರಾಹ್ಮಿ; ಆದರೆ ಕೊನೆಯಲ್ಲಿ ಅದನ್ನು ಬರೆದ ಚಪಡನು ತಾನು ಲಿಪಿಕಾರನೆಂಬ ಒಂದು ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಅವನು ಅತ್ತ ಕಡೆಯ ನಂಟುಳ್ಳವನೆಂದು ವಿದ್ವಾಂಸರು ಊಹಿಸಿದ್ದು ಆ ಒಂದೇ ಪದದಿಂದ.

ನಾನು ಇಂದು ಹೇಳಹೊರಟಿರುವುದು ರೋಗದ ವಿಚಾರ. ಅಲ್ಲಿಯೂ ಒಮ್ಮೊಮ್ಮೆ ಒಂದೇ ಗುರುತು ಮೂಲವನ್ನು ತಿಳಿಸುತ್ತದೆ.

ಚಳ್ಳಕೆರೆಯ ಎಣ್ಣೆ ಗಿರಣಿಯ ಕಾರ್ಮಿಕನೊಬ್ಬನಿಗೆ ಕಿವಿಯ ಕೆಳಗೆ ನೋವಿಲ್ಲದ ಗಂಟು ಎದ್ದಿತೆಂದು ಭಾವಿಸೋಣ. ಹೊಗೆಸೊಪ್ಪಿನಿಂದ ಬರುವ ಬಾಯಿಯ ಕ್ಯಾನ್ಸರನ್ನು ರೋಗಶಾಸ್ತ್ರಜ್ಞರು ಸಾಮಾನ್ಯವಾಗಿ ಸೂಕ್ಷ್ಮದರ್ಶಕದಲ್ಲಿಯೇ ಗುರುತಿಸಬಲ್ಲರು. ಜೊಲ್ಲುಗ್ರಂಥಿಯ ಗಂಟು ಹಾಗಲ್ಲ. ಅದರ ಕ್ಯಾನ್ಸರುಗಳಲ್ಲಿ ಇಪ್ಪತ್ತಕ್ಕೂ ಮಿಕ್ಕ ಬಗೆಗಳಿವೆ. ಹಲವು ನೋಟಕ್ಕೆ ಅವಳಿ-ಜವಳಿ.

ಅಂಥ ಒಂದು ಬಗೆಯನ್ನು ಅಲೆನಾ ಸ್ಕಾಲೋವಾ ಮತ್ತು ಸಂಗಡಿಗರು 2010ರಲ್ಲಿ ಬೇರ್ಪಡಿಸಿ ತೋರಿಸಿದರು. ಇಂದು ಅದರ ಹೆಸರು ಸೆಕ್ರೆಟರಿ ಕಾರ್ಸಿನೋಮ. ಅದರ ಜೀವಕೋಶಗಳಲ್ಲಿ ಸಾಮಾನ್ಯವಾಗಿ 12 ಮತ್ತು 15ನೆಯ ವರ್ಣತಂತುಗಳು ತುಂಡಾಗಿ, ಇಟಿವಿ6 ಮತ್ತು ಎನ್‌ಟಿಆರ್‌ಕೆ3 ಎಂಬ ಎರಡು ಜೀನುಗಳು ಬೆಸೆದುಕೊಂಡಿರುತ್ತವೆ. ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯೇ ಇದಕ್ಕೆ ಮದ್ದು. ಆದರೆ ರೋಗ ಹರಡಿದಾಗ, ಈ ಬೆಸುಗೆಯನ್ನೇ ಗುರಿಯಿಟ್ಟ ಲಾರೊಟ್ರೆಕ್ಟಿನಿಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2018ರಲ್ಲಿ ಮನ್ನಣೆ ದೊರೆಯಿತು. ಹೆಸರು ತಪ್ಪಿದರೆ ಆ ಬಾಗಿಲು ಇದೆಯೆಂಬುದೇ ರೋಗಿಗೆ ತಿಳಿಯದು.

ಇನ್ನೊಂದು ಗಂಟು ಕತ್ತಿನ ಧಮನಿ ಕವಲೊಡೆಯುವಲ್ಲಿ ಬೆಳೆಯುವ ಪ್ಯಾರಾಗ್ಯಾಂಗ್ಲಿಯೋಮ. ಕೆಲವು ಮನೆತನಗಳಲ್ಲಿ ಇದಕ್ಕೆ ಎಸ್‌ಡಿಎಚ್‌ಡಿ ಜೀನಿನ ದೋಷ ಕಾರಣವೆಂದು 2000ದಲ್ಲಿ ತಿಳಿಯಿತು. ದೋಷ ತಂದೆಯಿಂದ ಬಂದರೆ ರೋಗ ತಲೆದೋರಬಹುದು. ತಾಯಿಯಿಂದ ಬಂದರೆ ಸಾಮಾನ್ಯವಾಗಿ ಅಡಗಿಯೇ ಇರುತ್ತದೆ. ಅಡಗಿದ್ದು ಮಗನ ಮೂಲಕ ಮೊಮ್ಮಕ್ಕಳಲ್ಲಿ ಮತ್ತೆ ಕಾಣಿಸಬಹುದು. ಒಬ್ಬರ ಪರೀಕ್ಷೆ ಒಡಹುಟ್ಟಿದವರಿಗೂ ಮಕ್ಕಳಿಗೂ ಮುನ್ನೆಚ್ಚರಿಕೆಯಾಗುವುದು ಹೀಗೆ.

ಈ ಪರೀಕ್ಷೆ ಅಗ್ಗದ್ದಲ್ಲ; ಎಲ್ಲ ಗಂಟಿಗೂ ಬೇಕಾದುದೂ ಅಲ್ಲ. ರೋಗಶಾಸ್ತ್ರಜ್ಞರಿಗೆ ಸಂದೇಹ ಉಳಿದಾಗ ಮಾತ್ರ ಬೇಕು. ಅದಕ್ಕಾಗಿ ರೋಗಿಯೇ ದೂರದ ಊರಿಗೆ ಅಲೆಯಬೇಕೆಂದಿಲ್ಲ. ಕತ್ತರಿಸಿ ತೆಗೆದ ಗಂಟಿನ ಚೂರನ್ನು ಮೇಣದ ಅಚ್ಚಿನಲ್ಲಿ ಹುದುಗಿಸಿಡುತ್ತಾರೆ. ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಎಷ್ಟೋ ವೇಳೆ ಸಾಕು. ಆದುದರಿಂದ ಕೇಳುಗರಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮವರಿಗೆ ಇಂಥ ಶಸ್ತ್ರಚಿಕಿತ್ಸೆಯಾದರೆ ವರದಿಯನ್ನು ಜೋಪಾನವಾಗಿಡಿ, ಮೇಣದ ಅಚ್ಚು ಎಲ್ಲಿದೆ, ಎಷ್ಟು ಕಾಲ ಇರುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಬ್ರಹ್ಮಗಿರಿಯ ಬಂಡೆ ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ತನ್ನ ಓದುಗನಿಗಾಗಿ ಕಾದಿತ್ತು. ಮೇಣದ ಅಚ್ಚನ್ನು ನಾವೇ ಕಾಯಬೇಕು.